ಷರಾ ಇಲ್ಲದ ಪಟ್ಟಿ

ನನ್ನ ಸೋದರಮಾವ ಸಮುದ್ರಕ್ಕೆ ಹೆದರಿದವರಲ್ಲ, ಬಿರುಗಾಳಿಗೆ ಹೆದರಿದವರಲ್ಲ, ಅತ್ತೆಯ ಬಾಯಿಗೂ ಹೆದರಿದವರಲ್ಲ. ಅವರು ಹೆದರುತ್ತಿದ್ದದ್ದು ಒಂದು ತಂತಿಗೆ. ಕಿರುಬೆರಳಿನಷ್ಟು ದಪ್ಪ, ಆರು ಸಾವಿರ ಮೀಟರ್ ಉದ್ದದ ಉಕ್ಕಿನ ತಂತಿ. ಸಂಶೋಧನಾ ಹಡಗಿನ ಹಿಂಭಾಗದಲ್ಲಿ ಒಂದು ದೊಡ್ಡ ಉರುಳೆಗೆ ಸುತ್ತಿಕೊಂಡು ಕೂತಿರುತ್ತಿತ್ತು. ಅದರ ತುದಿಗೆ ನೀರು ತುಂಬುವ ಬಾಟಲಿಗಳ ಚೌಕಟ್ಟನ್ನೋ ಕೆಸರು ತೆಗೆಯುವ ಕೊಳವೆಯನ್ನೋ ಕಟ್ಟಿ ಸಮುದ್ರದ ತಳಕ್ಕೆ ಇಳಿಸುವುದು, ಮತ್ತೆ ಮೇಲಕ್ಕೆತ್ತುವುದು ಮಾವನ ಕೆಲಸ. ಆ ಯಂತ್ರಕ್ಕೆ ವಿಂಚು ಎನ್ನುತ್ತಾರೆ. ಮೂವತ್ತೊಂದು ವರ್ಷ ಮಾವ ಅದರ ಹಿಡಿಕೆ ಹಿಡಿದು ನಿಂತರು.

ಭಾರ ಹೊತ್ತ ತಂತಿ ತುಂಡಾದರೆ ಸುಮ್ಮನೆ ಸಮುದ್ರಕ್ಕೆ ಜಾರಿ ಹೋಗುವುದಿಲ್ಲ. ನೀರಿನ ಕಡೆಯ ಅರ್ಧ ಹೋಗುತ್ತದೆ. ಹಡಗಿನ ಕಡೆಯ ಅರ್ಧ ವಾಪಸ್ ಬರುತ್ತದೆ, ವಿಂಚಿನ ಹತ್ತಿರ ನಿಂತವನ ಕಡೆಗೇ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಮಾವ ಅದನ್ನು ಒಮ್ಮೆ ನೋಡಿದ್ದರು. ತಮಗೆ ಕೆಲಸ ಕಲಿಸಿದ ಹಿರಿಯ ನಿಂತಿದ್ದ ಜಾಗದಲ್ಲಿ ಬರೀ ಒಂದು ಜೊತೆ ಬೂಟು ಇತ್ತಂತೆ. ಅದಕ್ಕಿಂತ ಹೆಚ್ಚು ಅವರು ಯಾವತ್ತೂ ಹೇಳಲಿಲ್ಲ, ನಾವೂ ಕೆದಕಲಿಲ್ಲ.

ಅಂದಿನಿಂದ ಅವರು ತಂತಿಗೆ ಕಿವಿ ಕೊಡಲು ಶುರುಮಾಡಿದರು. ಹಡಗಿನವರೆಲ್ಲ ಅವರನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ತಂತಿಯನ್ನು ಮಾವ ಮುದುಕಿ ಎನ್ನುತ್ತಿದ್ದರು. ಮುದುಕಿ ಗೊಣಗುತ್ತಾಳೆ, ಕೆಮ್ಮುತ್ತಾಳೆ, ನರಳುತ್ತಾಳೆ. ಗೊಣಗಿದರೆ ಎಣ್ಣೆ ಸಾಲದು ಎಂದು ಅರ್ಥ. ಕೆಮ್ಮಿದರೆ ಉರುಳೆಯ ಮೇಲೆ ಸುತ್ತು ಸರಿಯಾಗಿ ಕೂತಿಲ್ಲ. ನರಳಿದರೆ ಒಳಗಿನ ಎಳೆ ಸಾಯುತ್ತಿದೆ. ಈ ಮೂರು ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿ, ಅವರು ನನಗೆ ಏಳನೇ ವಯಸ್ಸಿನಲ್ಲೇ ಬಾಯಿಪಾಠ ಮಾಡಿಸಿದ್ದರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ದೂರದ ಊರಿಗೆ ಕೆಲಸಕ್ಕೆ ಹೋದಳು, ನಾನು ಮಾವನ ಮನೆಯಲ್ಲಿ ಬೆಳೆದೆ. ಅವರಿಗೆ ಮಕ್ಕಳಿರಲಿಲ್ಲ. ನಾನೇ ಪುಟ್ಟಿ, ನಾನೇ ಎಲ್ಲ.

ಮನೆಯಲ್ಲೂ ಅದೇ ಚಾಳಿ. ಬಚ್ಚಲುಮನೆಯ ನಲ್ಲಿ, ಕಟ್ಟಡದ ಲಿಫ್ಟು, ಅಡುಗೆಮನೆಯ ಬಾಗಿಲಿನ ತಿರುಗಣೆ, ಎಲ್ಲಕ್ಕೂ ಕಿವಿ. ಲಿಫ್ಟು ಮೂರನೇ ಮಹಡಿಯ ಹತ್ತಿರ ಹಲ್ಲು ಕಡಿಯುತ್ತಿದೆ ಎಂದು ಒಂದು ತಿಂಗಳು ನಮ್ಮನ್ನೆಲ್ಲ ಮೆಟ್ಟಿಲು ಹತ್ತಿಸಿದರು. ಅತ್ತೆ ಸೊಂಟ ಹಿಡಿದುಕೊಂಡು ಬೈಯುತ್ತಲೇ ಹತ್ತಿದರು. ಕೊನೆಗೆ ರಿಪೇರಿಯವನು ಬಂದು ನೋಡಿ ಮೂರನೇ ಮಹಡಿಯಲ್ಲೇ ಹಳಿ ಸವೆದಿದೆ ಎಂದ. ಅತ್ತೆ ಬೈಗುಳ ನಿಲ್ಲಿಸಲಿಲ್ಲ, ವಿಷಯ ಬದಲಾಯಿಸಿದರು ಅಷ್ಟೆ. "ಲಿಫ್ಟಿಗೆ ಕೊಟ್ಟಷ್ಟು ಕಿವಿ ನನಗೊಂದಿನ ಕೊಟ್ಟಿದ್ರೆ ನಾನ್ಯಾಕೆ ಇಷ್ಟು ಕೂಗಾಡ್ತಿದ್ದೆ?" ಎಂದರು. ಮಾವ ನಕ್ಕು, "ನೀನು ಕೂಗಾಡೋವರೆಗೂ ಭಯ ಇಲ್ಲ ಕಣೇ. ಸುಮ್ಮನಾದ್ರೆ ನೋಡ್ಬೇಕು," ಎಂದರು.

ಕೇಳಿದ್ದನ್ನೆಲ್ಲ ಬರೆದಿಡುತ್ತಿದ್ದರು. ಹಡಗಿನಲ್ಲಿ ಪ್ರತಿ ಸಲ ಉಪಕರಣ ಇಳಿಸಿದಾಗಲೂ ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ದಿನಾಂಕ, ಸಮಯ, ಜಾಗ, ಸಮುದ್ರದ ಆಳ, ಎಷ್ಟು ತಂತಿ ಬಿಟ್ಟರು, ಯಾವ ಉಪಕರಣ. ಕಡೆಯ ಕಾಲಂ ಷರಾ. ಬೇರೆಯವರ ಪುಸ್ತಕದಲ್ಲಿ ಷರಾ ಕಾಲಂ ಖಾಲಿ ಹೊಡೆಯುತ್ತಿತ್ತು. ಮಾವನ ಪುಸ್ತಕದಲ್ಲಿ ಅದು ಅಂಚು ದಾಟಿ ಪಕ್ಕದ ಪುಟಕ್ಕೂ ಹರಿದಿರುತ್ತಿತ್ತು. "1900ರಲ್ಲಿ ಮುದುಕಿ ಗೊಣಗಿದಳು. ಎಣ್ಣೆ ಕೊಟ್ಟೆ, ಸಮಾಧಾನ." ಸಂಖ್ಯೆ ಎಂದರೆ ಆಗ ಹೊರಗಿದ್ದ ತಂತಿಯ ಮೀಟರು. ಅದೇ ಧಾಟಿ, ಅದೇ ದುಂಡು ಅಕ್ಷರ, ಮೂವತ್ತೊಂದು ವರ್ಷ, ನಲವತ್ತು ಪುಸ್ತಕ.

ಆ ಷರಾ ಕಾಲಂ ಕಿತ್ತು ಹಾಕಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಬಾಯಿ ಬರುವುದಿಲ್ಲ.

ನಾನು ದಡದ ಮೇಲಿನ ದಾಖಲೆ ಕಚೇರಿಯಲ್ಲಿದ್ದೇನೆ. ಎರಡನೇ ಮಹಡಿ, ಕಿಟಕಿಯಿಂದ ಬಂದರಿನ ಎರಡು ಕ್ರೇನು ಕಾಣುತ್ತವೆ, ಗೋಡೆಗೆ ಆರು ಕಬ್ಬಿಣದ ಕಪಾಟು. ನಮ್ಮ ಸಂಸ್ಥೆಗೆ ನಾಲ್ಕು ಹಡಗು. ನಾಲ್ಕೂ ನಾಲ್ಕು ಥರ ಬರೆಯುತ್ತಿದ್ದವು. ಒಂದು ಹಡಗಿನವರು "ಬಾಟಲಿ ಇಳಿಸಿದೆವು" ಎಂದು ಬರೆದರೆ ಇನ್ನೊಂದರವರು "ನೀರಿನ ಮಾದರಿ" ಎಂದು ಬರೆಯುತ್ತಿದ್ದರು, ಮತ್ತೊಂದರವರು ಬರೀ ಒಂದು ಬಾಣದ ಗುರುತು ಎಳೆಯುತ್ತಿದ್ದರು. ಒಬ್ಬರ ಗಡಿಯಾರ ಹಡಗಿನ ಸಮಯದ್ದು, ಇನ್ನೊಬ್ಬರದ್ದು ದಡದ ಸಮಯದ್ದು. ಹೀಗೆ ಎರಡು ಗಂಟೆ ಆಚೀಚೆಯಾದ ಅಂಕಿ ಹಿಡಿದುಕೊಂಡು ಒಬ್ಬ ವಿಜ್ಞಾನಿ ಮೂರು ವರ್ಷ ತಲೆ ಕೆಡಿಸಿಕೊಂಡು, ಕೊನೆಗೆ ತಾನು ಕಂಡುಹಿಡಿದದ್ದು ಪ್ರವಾಹವಲ್ಲ, ಗಡಿಯಾರದ ತಪ್ಪು ಎಂದು ತಿಳಿದು ನಮ್ಮ ಕಚೇರಿಗೆ ಬಂದು ಕೂತು ಅತ್ತ. ಅಳುವ ವಿಜ್ಞಾನಿಗೆ ನೀರು ಕೊಟ್ಟವಳೂ ನಾನೇ. ಆದ್ದರಿಂದ ಎಲ್ಲ ಹಡಗಿಗೂ ಒಂದೇ ಪಟ್ಟಿ ಬೇಕು ಎಂಬ ಮಾತು ಬಂದಾಗ ನಾನು ಎರಡೂ ಕೈಯೆತ್ತಿದೆ. ಆ ಪಟ್ಟಿ ತಪ್ಪು ಎಂದು ಇವತ್ತಿಗೂ ಹೇಳಲಾರೆ. ತಪ್ಪು ಬೇರೆ ಕಡೆ ಇದೆ.

ಪಟ್ಟಿಯಲ್ಲಿ ನಲವತ್ತಮೂರು ಘಟನೆಗಳು. ಉಪಕರಣ ಇಳಿಸಲು ಆರಂಭ, ತಳ ತಲುಪಿತು, ಮೇಲೆತ್ತಲು ಆರಂಭ, ಹಡಗಿಗೆ ಬಂತು, ಹೀಗೆ. ಪ್ರತಿ ಘಟನೆಗೂ ಒಂದು ಕೋಡ್. ಹಡಗಿನವರು ಕೈಯಲ್ಲಿ ಹಿಡಿಯುವ ಪರದೆಯ ಮೇಲೆ ಬೆರಳಿಟ್ಟು ಆರಿಸಿದರೆ ಸಾಕು, ಸಮಯ, ಜಾಗ, ಆಳ ತಾವೇ ತುಂಬಿಕೊಳ್ಳುತ್ತವೆ. ತಂತಿಯ ಸ್ಥಿತಿಗೆ ಎರಡೇ ಆಯ್ಕೆ: ಸಾಮಾನ್ಯ, ತುಂಡಾಗಿದೆ. "ಇತರೆ" ಎಂಬುದನ್ನು ಬೇಕೆಂದೇ ಬಿಟ್ಟೆವು. ಅದನ್ನಿಟ್ಟರೆ ಸೋಮಾರಿಗಳು ಎಲ್ಲವನ್ನೂ ಅದಕ್ಕೇ ತುಂಬುತ್ತಾರೆ. ಷರಾ ವಿಷಯ ಬಂದಾಗ ನಮ್ಮ ಮುಖ್ಯಸ್ಥರು ಹಳೆಯ ಪುಸ್ತಕಗಳಲ್ಲಿ ಜನ ಏನೇನು ಬರೆಯುತ್ತಾರೆ ನೋಡೋಣ ಎಂದು ಮೇಜಿನ ಮೇಲಿದ್ದ ಒಂದನ್ನು ತೆರೆದರು. ಸಭೆಯಲ್ಲಿ ಹದಿಮೂರು ಜನ. ಅವರು ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಓದಿದರು: "2140ರಲ್ಲಿ ಮುದುಕಿ ಸ್ವಲ್ಪ ನರಳಿದಳು. ಮನಸ್ಸಿಗೆ ಸರಿ ಬರಲಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಬೇರೊಂದು ಹಡಗಿನ ಪ್ರತಿನಿಧಿ, "ಯಾವ ಮುದುಕಿ, ಯಾರ ಮನಸ್ಸು?" ಎಂದ. ಇನ್ನೊಬ್ಬ, "ಈ ಮಹಾಶಯರಿಗೆ ಔಷಧಿ ಕೊಡ್ಸಿ," ಎಂದ.

ನಾನೂ ನಕ್ಕೆ.

ನರಳುವುದೆಂದರೇನು ಎಂದು ಆ ಹದಿಮೂರು ಜನರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು. ಆದರೆ ಹೇಳಿದರೆ ಆ ಮಹಾಶಯರು ನನ್ನ ಸೋದರಮಾವ ಎಂದು ಗೊತ್ತಾಗುತ್ತಿತ್ತು. ಕಚೇರಿಯಲ್ಲಿ ಯಾರಿಗೂ ನಾನದನ್ನು ಹೇಳಿರಲಿಲ್ಲ. ನಾಚಿಕೆಯಾಯಿತು. ಸಾಕಿದವರ ಬಗ್ಗೆ ನಾಚಿಕೆಯಾಯಿತು ನನಗೆ. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಹಳೆಯ ಪುಸ್ತಕಗಳನ್ನೂ ಹೊಸ ಪಟ್ಟಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಐದು ತಿಂಗಳು ಹಿಡಿಯಿತು. ಮಾವನ ಪುಸ್ತಕಗಳನ್ನು ನಾನೇ ಹಾಕಿದೆ. ಗೊಣಗಿದಳು, ಸಾಮಾನ್ಯ. ಕೆಮ್ಮಿದಳು, ಸಾಮಾನ್ಯ. ನರಳಿದಳು. ಅಲ್ಲಿ ಮೊದಲ ಸಲ ಕೈ ತಡೆಯಿತು. ಆಯ್ಕೆ ಎರಡೇ: ಸಾಮಾನ್ಯ, ತುಂಡಾಗಿದೆ. ತುಂಡಂತೂ ಆಗಿಲ್ಲವಲ್ಲ. ಸಾಮಾನ್ಯ ಎಂದು ಒತ್ತಿದೆ. ಎರಡನೇ ಸಲ ಕೈ ತಡೆಯಲಿಲ್ಲ.

ತಂತಿಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು ನಿಯಮ. ದಾಖಲೆಗಳು ಚೊಕ್ಕವಾಗಿದ್ದರೆ ಇನ್ನೆರಡು ವರ್ಷ ಮುಂದೂಡಬಹುದು. ಮಾವನ ಹಡಗಿನ ತಂತಿಗೆ ಐದು ತುಂಬಿದಾಗ ಮುಖ್ಯಸ್ಥರು ಒಂದು ಕೋಷ್ಟಕ ಕೇಳಿದರು. ಹೊಸ ಪಟ್ಟಿಯ ದೆಸೆಯಿಂದ ಅರ್ಧ ನಿಮಿಷದಲ್ಲಿ ತೆಗೆದುಕೊಟ್ಟೆ. ಆರುನೂರ ಹನ್ನೆರಡು ಇಳಿತ, ಆರುನೂರ ಹನ್ನೆರಡೂ ಸಾಮಾನ್ಯ. "ನೋಡಿ, ಮೊದಲಾಗಿದ್ರೆ ಇದಕ್ಕೆ ಎರಡು ವಾರ ಬೇಕಾಗ್ತಿತ್ತು," ಎಂದು ಅವರು ಎಲ್ಲರೆದುರು ನನ್ನನ್ನು ಹೊಗಳಿದರು. ತಂತಿಗೆ ಎರಡು ವರ್ಷ ಹೆಚ್ಚುವರಿ ಆಯಸ್ಸು ಸಿಕ್ಕಿತು. ನಾನು ಆ ದಿನ ಮನೆಗೆ ಸಿಹಿ ಕಟ್ಟಿಸಿಕೊಂಡು ಹೋದೆ.

ಹೊಸ ಪರದೆಯ ಮೊದಲ ಯಾನಕ್ಕೆ ಹೊರಡುವ ಹಿಂದಿನ ಸಂಜೆ ಮಾವ ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಕೂತಿದ್ದರು. ಕಲಿಸಿಕೊಡುತ್ತಿದ್ದವಳು ನಾನೇ. ಬೆರಳಿಗೆ ಮೂವತ್ತೊಂದು ವರ್ಷದ ಗಂಟು ಕಟ್ಟಿತ್ತು, ಒತ್ತಿದರೆ ಪರದೆಗೆ ಗೊತ್ತೇ ಆಗುತ್ತಿರಲಿಲ್ಲ. ಗೆಣ್ಣಿನಿಂದ ಒತ್ತುವುದನ್ನು ಕಲಿತರು. ಎಲ್ಲ ಮುಗಿದ ಮೇಲೆ, "ಷರಾ ಎಲ್ಲಿದೆ ಪುಟ್ಟಿ?" ಎಂದರು.

"ಷರಾ ಇಲ್ಲ ಮಾವ."

"ಮತ್ತೆ ಮುದುಕಿ ಏನಾದ್ರೂ ಅಂದ್ರೆ?"

"ಮಾವ, ತಂತಿ ಏನೂ ಅನ್ನಲ್ಲ. ಸಾಮಾನ್ಯ ಒತ್ತಿ, ಮುಗೀತು. ಜನ ನಗ್ತಾರೆ ಮಾವ."

ಅವರು ನನ್ನ ಮುಖವನ್ನೇ ನೋಡಿದರು. ಲಿಫ್ಟಿಗೆ ಕೊಡುತ್ತಿದ್ದ ಕಿವಿಯನ್ನು ಆ ಹೊತ್ತಿನಲ್ಲಿ ನನಗೆ ಕೊಟ್ಟಿದ್ದರು ಅನ್ನಿಸುತ್ತದೆ. ಆಮೇಲೆ, "ಇದರಲ್ಲಿ ಹಾಕಿದ್ದನ್ನ ಯಾರಾದ್ರೂ ಓದ್ತಾರಾ, ಇಲ್ಲಾ ಸುಮ್ನೆ ಕಪಾಟಿಗೆ ಹೋಗುತ್ತಾ?" ಎಂದು ಕೇಳಿದರು.

"ನಾನೇ ಓದ್ತೀನಿ. ದಿನಾ ಬೆಳಿಗ್ಗೆ ಬಂದ ತಕ್ಷಣ ಅದೇ ಕೆಲಸ ನಂದು. ಓದಿದ ಮೇಲೆ ನಿಮಗೆ ಪರದೆ ಮೇಲೆ ಸಂದೇಶ ಬರುತ್ತೆ, ನೋಡಿ."

"ನೀನು ಓದ್ತೀಯಾ? ಹಾಗಾದ್ರೆ ಸರಿ," ಎಂದರು. ಒಳಗಿನಿಂದ ಅತ್ತೆ, "ಪುಟ್ಟಿಗೆ ಕಣ್ಣಿದೆ, ನಿಮಗೆ ಕಿವಿ ಇದೆ, ನನಗೆ ಮಾತ್ರ ಪಾತ್ರೆ ತೊಳೆಯೋ ಕೈ ಕೊಟ್ಟ ದೇವರು," ಎಂದರು. ಮಾವ ಎದ್ದು ಹೋಗಿ ಪಾತ್ರೆ ತೊಳೆದರು.

ಆ ಸಂದೇಶದ ವಾಕ್ಯ ಬರೆದವಳೂ ನಾನೇ. "ನಿಮ್ಮ ದಾಖಲೆಯನ್ನು ಓದಿ ಪರಿಶೀಲಿಸಲಾಗಿದೆ," ಕೆಳಗೆ ನನ್ನ ಹೆಸರು. ನಾನು ಬೆಳಿಗ್ಗೆ ಒಂದು ಗುಂಡಿ ಒತ್ತಿದರೆ ನಾಲ್ಕೂ ಹಡಗಿಗೆ ತಾನಾಗಿಯೇ ಹೋಗುತ್ತಿತ್ತು.

ಯಾನ ಶುರುವಾದ ಎರಡನೇ ದಿನವೇ ಮಾವನ ಹಡಗಿನ ಸಾಲುಗಳಲ್ಲಿ ಕೆಂಪು ಗುರುತು ಬರತೊಡಗಿತು. ನಿರ್ವಾಹಕರ ಹೆಸರು ಬರೆಯುವ ಚೌಕದಲ್ಲಿ ತಪ್ಪು. ಇಡೀ ಪಟ್ಟಿಯಲ್ಲಿ ಅಕ್ಷರ ಟೈಪು ಮಾಡಲು ಬಿಟ್ಟಿದ್ದ ಜಾಗ ಅದೊಂದೇ. ಮೊದಲನೆಯದನ್ನು ತೆರೆದು ನೋಡಿದೆ. ಹೆಸರಿರಬೇಕಾದ ಕಡೆ "1700 ಗೊಣಗಿದಳು" ಎಂದಿತ್ತು.

ಮೈ ಉರಿಯಿತು. ಎಷ್ಟು ಹೇಳಿಕೊಟ್ಟರೂ ಈ ಮನುಷ್ಯ ತನ್ನ ಹಟ ಬಿಡುವುದಿಲ್ಲವಲ್ಲ ಎಂದು ಹಲ್ಲು ಕಡಿದೆ. ನನ್ನ ಮರ್ಯಾದೆ ತೆಗೆಯಲಿಕ್ಕೇ ಹುಟ್ಟಿದ್ದಾರೆ ಎಂದೂ ಅಂದುಕೊಂಡೆ. ಕೆಂಪು ಗುರುತುಗಳನ್ನೆಲ್ಲ ಒಟ್ಟಿಗೆ ತೆಗೆಯಲು ಒಂದು ಗುಂಡಿ ಇದೆ, "ಎಲ್ಲ ಸರಿಪಡಿಸು" ಎಂದು. ಅದನ್ನು ಒತ್ತಿದರೆ ಆ ಚೌಕದಲ್ಲಿ ಏನೇ ಇದ್ದರೂ ಅಳಿಸಿಹೋಗಿ ಮಾವನ ಹೆಸರು ಬಂದು ಕೂರುತ್ತದೆ. ಒತ್ತಿದೆ. ಓದಿ ಪರಿಶೀಲಿಸಲಾಗಿದೆ ಎಂಬ ಸಂದೇಶ ಹೋಯಿತು. ಮಾರನೆಯ ದಿನ ಮತ್ತೆ ಮೂರು ಕೆಂಪು. ತೆರೆಯದೆಯೇ ಒತ್ತಿದೆ. ಅದರ ಮಾರನೆಯ ದಿನ ನಾಲ್ಕು. ಹೀಗೆ ಒಂಬತ್ತು ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಒತ್ತಿದೆ. ಚಹಾ ಆರುವುದರೊಳಗೆ ಕೆಲಸ ಮುಗಿಯುತ್ತಿತ್ತು.

ಹನ್ನೊಂದನೇ ದಿನ ಹನ್ನೊಂದು ಕೆಂಪು ಗುರುತು. ತಿಂಗಳ ಕೊನೆಯ ಸಭೆಯಲ್ಲಿ ಯಾವ ಹಡಗಿನಲ್ಲಿ ಎಷ್ಟು ತಪ್ಪು ಎಂದು ನಾನು ಹೇಳಬೇಕಿತ್ತು. ಇವತ್ತು ಇವರಿಗೆ ಒಂದು ಖಾರದ ನೋಟಿಸು ಕಳಿಸಿಯೇ ಬಿಡುತ್ತೇನೆ, ಮಾವನಾದರೇನು, ಎಂದು ಉದಾಹರಣೆಗಾಗಿ ಸಾಲುಗಳನ್ನು ತೆರೆದೆ. ಗಂಟೆ ಹತ್ತೂ ಮುಕ್ಕಾಲು.

"2140 ನರಳಿದಳು." ಕೆಳಗಿನ ಸಾಲು, "2140 ಮತ್ತೆ." ಅದರ ಕೆಳಗೆ, "2140 ನಿಧಾನ ಮಾಡಿದೆ." ಇಳಿಸುವಾಗಲೂ 2140, ಎತ್ತುವಾಗಲೂ 2140. ನೀರಿನ ಆಳ ಪ್ರತಿ ಸಲ ಬೇರೆ, ಜಾಗ ಬೇರೆ, ಉಪಕರಣ ಬೇರೆ. ಆ ಸಂಖ್ಯೆ ಮಾತ್ರ ಬದಲಾಗಿರಲಿಲ್ಲ. ಆ ಸಂಖ್ಯೆಯನ್ನು ನಾನು ಮೊದಲೂ ಕೇಳಿದ್ದೆ, ಹದಿಮೂರು ಜನ ನಕ್ಕ ಸಭೆಯಲ್ಲಿ.

ಎದ್ದು ಕಪಾಟಿನ ಬಾಗಿಲು ತೆರೆದೆ. ಮಾವನ ಕಡೆಯ ಎರಡು ಪುಸ್ತಕ ತೆಗೆದು ನೆಲದ ಮೇಲೆ ಕೂತೆ. ಹದಿನಾಲ್ಕು ತಿಂಗಳ ಹಿಂದೆ 2140, ಸ್ವಲ್ಪ ನರಳಿದಳು. ಹನ್ನೆರಡು ತಿಂಗಳ ಹಿಂದೆ 2140. ಹತ್ತು, ಒಂಬತ್ತು, ಎಂಟು. ಎಲ್ಲವನ್ನೂ ನಾನೇ ಸಾಮಾನ್ಯ ಎಂದು ಒತ್ತಿದ್ದೆ. ತಂತಿಯ ತುದಿಯಿಂದ ಎರಡು ಸಾವಿರದ ನೂರ ನಲವತ್ತನೇ ಮೀಟರಿನಲ್ಲಿ ಒಂದು ಜಾಗ ಒಳಗೊಳಗೇ ಸಾಯುತ್ತಿತ್ತು. ಅಷ್ಟು ತಂತಿ ಹೊರಗಿದ್ದಾಗಲೆಲ್ಲ ಆ ಜಾಗ ಹಡಗಿನ ಹಿಂದಿನ ಕಪ್ಪಿಯ ಮೇಲೆ ಬಂದು ಬಾಗುತ್ತಿತ್ತು. ಬಾಗಿದಾಗಲೆಲ್ಲ ಮಾವನಿಗೆ ಕೇಳಿಸುತ್ತಿತ್ತು. ನೀರಿನಲ್ಲಿದ್ದಷ್ಟು ತಂತಿಯ ಭಾರವೆಲ್ಲ ಅಲ್ಲೇ ಬೀಳುವುದು.

ವಾಪಸ್ ಪರದೆಯ ಮುಂದೆ ಬಂದಾಗ ಹಡಗಿನಿಂದ ಹೊಸ ಸಾಲುಗಳು ಬಂದಿದ್ದವು. ಹತ್ತು ನಿಮಿಷಕ್ಕೊಮ್ಮೆ ಬರುತ್ತವೆ. ಹತ್ತು ಐವತ್ತು: ತಳ ತಲುಪಿತು, ಬಿಟ್ಟ ತಂತಿ 3100. ಹೆಸರಿನ ಚೌಕದಲ್ಲಿ, "ಇಳಿವಾಗ ಎಳೆ ಎದ್ದಿದೆ." ಅದರ ಕೆಳಗೆ ಹತ್ತು ಐವತ್ತೆರಡು: ಮೇಲೆತ್ತಲು ಆರಂಭ. ಹೆಸರಿನ ಚೌಕದಲ್ಲಿ, "ಎಲ್ಲರನ್ನೂ ಹಿಂದೆ ಕಳಿಸಿದೆ."

ನಿಮಿಷಕ್ಕೆ ಅರವತ್ತು ಮೀಟರ್ ಎತ್ತುತ್ತಾರೆ. ಒಂಬೈನೂರ ಅರವತ್ತು ಮೀಟರಿಗೆ ಹದಿನಾರು ನಿಮಿಷ. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಆ ಜಾಗ ಕಪ್ಪಿಗೆ ಬರುತ್ತದೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿ ಎರಡು ನಿಮಿಷವಾಗಿತ್ತು.

ಮುಖ್ಯಸ್ಥರ ಕೋಣೆಗೆ ಓಡಿದೆ. ಹಡಗಿಗೆ ಉಪಗ್ರಹದ ಮೂಲಕ ಮಾತಾಡುವ ಫೋನು ಇದ್ದದ್ದು ಅವರ ಮೇಜಿನ ಮೇಲೆ. ತಂತಿ ಕೆಟ್ಟಿದೆ, ಎತ್ತೋದನ್ನು ನಿಲ್ಲಿಸಬೇಕು ಎಂದೆ. ಅವರು ತಮ್ಮ ಪರದೆ ನೋಡಿ, "ಎಲ್ಲಾ ಸಾಮಾನ್ಯ ಅಂತಲೇ ಇದೆಯಲ್ಲಮ್ಮ. ಇವತ್ತಿಂದೂ ಸಾಮಾನ್ಯ. ನೀವೇ ಮಾಡಿದ ಕೋಷ್ಟಕ," ಎಂದರು. ಅವರದ್ದು ಕೆಟ್ಟ ಮನಸ್ಸಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದರು. ನಾನು ಅವರ ಕೈಯ ಕೆಳಗಿಂದ ಫೋನು ಎಳೆದುಕೊಂಡೆ.

ಆ ಕಡೆ ಫೋನು ಎತ್ತಿದವರು ಹಡಗಿನ ಮುಖ್ಯ ವಿಜ್ಞಾನಿ, ನನ್ನಷ್ಟೇ ವಯಸ್ಸಿನ ಹೆಂಗಸು. ಒಳಗಿನ ಪ್ರಯೋಗಶಾಲೆಯಲ್ಲಿದ್ದರು. ಹನ್ನೊಂದು ಐದು. "ವಿಂಚು ನಿಲ್ಲಿಸಿ, ತಂತಿ ತುಂಡಾಗುತ್ತೆ," ಎಂದೆ.

"ಕಿವಿಯಣ್ಣ ನನಗೂ ಹೇಳಿದ್ರು. ದಿನಾ ಕಚೇರಿಗೆ ಬರೀತಿದ್ದೀನಿ, ಅಲ್ಲಿ ಓದಿದ್ದಾರೆ, ಅವರೇನೂ ಬೇಡ ಅಂದಿಲ್ಲ ಅಂದ್ರು. ಮತ್ತೆ ಈಗೇನು?"

"ಓದಿಲ್ಲ. ಯಾರೂ ಓದಿಲ್ಲ. ನಿಲ್ಲಿಸಿ."

"ಸರಿ, ಸರಿ. ನಿಲ್ಲಿಸೋದಕ್ಕೆ ಕಾರಣ ಕೇಳ್ತಿದೆ ಈ ಪರದೆ. ಹವಾಮಾನ, ಉಪಕರಣ ದೋಷ, ಕಪ್ತಾನರ ಆದೇಶ. ಯಾವುದು ಹಾಕ್ಲಿ?"

ಆಕೆಯನ್ನು ನಾನು ದೂರುವುದಿಲ್ಲ. ಕೈಗೆ ಅಭ್ಯಾಸವಾಗಿತ್ತು. ಹನ್ನೊಂದು ದಿನದಿಂದ ಆ ಪರದೆಗೆ ಹೇಳದೆ ಅಲ್ಲಿ ಯಾರೂ ಒಂದು ಬಾಟಲಿಯನ್ನೂ ಮುಟ್ಟಿರಲಿಲ್ಲ, ಹಾಗೆ ಮುಟ್ಟಕೂಡದು ಎಂದು ಸುತ್ತೋಲೆ ಬರೆದವಳು ನಾನು. ಭಯಂಕರವಾದದ್ದೆಂದರೆ, ಒಂದು ಗಳಿಗೆ ನಾನೂ ಯೋಚಿಸಿದೆ, ಯಾವುದು ಸರಿಯಾದ ಕೋಡ್ ಎಂದು. ನಲವತ್ತಮೂರು ಘಟನೆಗಳೂ ಮನಸ್ಸಿನಲ್ಲಿ ಸಾಲಾಗಿ ಹಾದುಹೋದವು. ಆಮೇಲೆ ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ. ಆ ಕಡೆ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು, ಓಡುವ ಹೆಜ್ಜೆ ಕೇಳಿಸಿತು, ಕಬ್ಬಿಣದ ಬಾಗಿಲು ತೆರೆದದ್ದು ಕೇಳಿಸಿತು. ಪ್ರಯೋಗಶಾಲೆಯಿಂದ ಹಿಂಭಾಗದ ಡೆಕ್ಕಿಗೆ ಎರಡು ಮೆಟ್ಟಿಲ ಸಾಲು ಇಳಿಯಬೇಕು.

ಫೋನು ತೆರೆದೇ ಇತ್ತು. ತೆರೆದ ಬಾಗಿಲಿನಿಂದ ಸಮುದ್ರದ ಸದ್ದು, ಅದರ ಹಿಂದೆ ವಿಂಚಿನ ಒಂದೇ ಸಮನೆ ಗುಂಯ್ ಎನ್ನುವ ಶಬ್ದ. ಚಿಕ್ಕವಳಿದ್ದಾಗ ಬಂದರಿನಲ್ಲಿ ಕೇಳಿದ ಆ ಶಬ್ದವನ್ನೇ, ಮಾವ ಎಲ್ಲಿದ್ದರೂ, ನಮ್ಮ ಮನೆಯ ಶಬ್ದ ಎಂದು ಅಂದುಕೊಂಡಿದ್ದೆ. ಆ ಗುಂಯ್ ಸ್ವಲ್ಪ ನಿಧಾನವಾಯಿತು. 2140 ಹತ್ತಿರ ಬಂದಿದೆ, ನಿಧಾನ ಮಾಡಿದ್ದಾರೆ ಎಂದು ತಿಳಿಯಿತು. ಅದರ ಒಳಗಿನಿಂದ ಇನ್ನೊಂದು ಸದ್ದು ಎದ್ದಿತು, ತೆಳ್ಳಗೆ, ಉದ್ದಕ್ಕೆ. ಅಷ್ಟು ದೂರದಿಂದ, ಯಂತ್ರದ ಮೂಲಕ, ನಾನದನ್ನು ಕೇಳಿದೆ. ಏಳನೇ ವಯಸ್ಸಿನಲ್ಲಿ ಕಲಿತದ್ದು ಮರೆತಿರಲಿಲ್ಲ. ಆಮೇಲೆ ಒಂದು ಹೊಡೆತ. ಆಮೇಲೆ ವಿಂಚೊಂದೇ ಭಾರವಿಲ್ಲದೆ ತಿರುಗುತ್ತಿತ್ತು.

ಹಿಡಿಕೆ ಬಿಟ್ಟರೆ ತಾನಾಗಿ ನಿಲ್ಲಬೇಕಾದ ಯಂತ್ರ ಅದು. ಮಾವನ ದೇಹ ಹಿಡಿಕೆಯ ಮೇಲೇ ಒರಗಿತ್ತು, ನಿಲ್ಲಿಸಲು ಯಾರೋ ಹೋಗಬೇಕಾಯಿತು.

ಡೆಕ್ಕಿನಲ್ಲಿದ್ದ ಉಳಿದ ಐದು ಜನಕ್ಕೂ ಒಂದು ಗೀರು ಬೀಳಲಿಲ್ಲ. ಮಾವ ಅವರನ್ನು ಮೆಟ್ಟಿಲ ಕೆಳಗಿನ ಇನ್ನೊಂದು ಕಬ್ಬಿಣದ ಬಾಗಿಲಿನ ಹಿಂದೆ ಕಳಿಸಿ ಚಿಲಕ ಹಾಕಿಸಿದ್ದರು. ತಂತಿ ತುಂಡಾದ ಹೊತ್ತಿಗೆ ಮುಖ್ಯ ವಿಜ್ಞಾನಿ ಅದೇ ಚಿಲಕ ತೆಗೆಯುತ್ತಿದ್ದರಂತೆ. ಇನ್ನು ಅರ್ಧ ನಿಮಿಷ ಮೊದಲು ಹೊರಟಿದ್ದರೆ, ಎಂದು ಆಕೆ ನನಗೆ ಮೂರು ಸಲ ಕಾಗದ ಬರೆದಿದ್ದಾರೆ. ಮೂರಕ್ಕೂ ನಾನು ಉತ್ತರ ಬರೆದಿಲ್ಲ. ಆ ಅರ್ಧ ನಿಮಿಷ ಆಕೆಯದಲ್ಲ.

ವಿಚಾರಣಾ ಸಮಿತಿಯ ವರದಿ ಆರು ವಾರದಲ್ಲಿ ಬಂತು. ಸಮಿತಿಯವರು ನೋಡಿದ್ದು ದಾಖಲೆಗಳನ್ನು. ಒಂಬತ್ತು ದಿನದ ಸಾಲುಗಳಲ್ಲಿ ಮಾವನ ಹೆಸರು ಅಚ್ಚುಕಟ್ಟಾಗಿ ಕೂತಿತ್ತು, ನಾನು ಕೂರಿಸಿದ್ದೆ. ಅಳಿಸಿದ ಅಕ್ಷರಗಳನ್ನು ಯಂತ್ರ ಉಳಿಸಿಕೊಂಡಿರಲಿಲ್ಲ. ಕಡೆಯ ದಿನದ ಸಾಲುಗಳನ್ನು ನಾನು ತೋರಿಸಿದೆ, ಗುಂಡಿ ಒತ್ತಿದ್ದನ್ನೂ ಹೇಳಿದೆ. ಅವರು ತಲೆಯಾಡಿಸಿ ಬರೆದುಕೊಂಡರು. ಆದರೂ ವರದಿಯ ಒಂಬತ್ತನೇ ಪುಟದಲ್ಲಿ ಒಂದು ಸಾಲು ಬಂತು: "ಕಡೆಯ ದಿನದವರೆಗೆ ನಿರ್ವಾಹಕರು ತಂತಿಯ ಬಗ್ಗೆ ಯಾವ ಅಸಹಜತೆಯನ್ನೂ ದಾಖಲಿಸಿದ ಪುರಾವೆ ಇಲ್ಲ." ಹಳೆಯ ಪುಸ್ತಕಗಳ ಷರಾಗಳು ಪರಿಭಾಷೆಯಲ್ಲಿ ಇಲ್ಲವಂತೆ, ಗಣನೆಗೆ ಬರುವುದಿಲ್ಲವಂತೆ. ಎಲ್ಲಿಂದ ಬಂತು ಆ ಪರಿಭಾಷೆ ಎಂದು ಯಾರನ್ನು ಕೇಳಲಿ ನಾನು?

ವರದಿ ಹಿಡಿದುಕೊಂಡು ಅತ್ತೆಯ ಹತ್ತಿರ ಹೋದೆ. ಲಿಫ್ಟಿನಲ್ಲಿ ಹೋಗಲಿಲ್ಲ. ಅತ್ತೆ ಅಡುಗೆಮನೆಯಲ್ಲಿದ್ದರು. ಆರು ವಾರದಿಂದ ಅವರು ಕೂಗಾಡಿರಲಿಲ್ಲ. ಆ ಸಾಲನ್ನು ಓದಿ ಹೇಳಿದೆ. ಕೈ ಒರೆಸಿಕೊಂಡು ಬಂದು ಎದುರು ಕೂತರು.

"ಬರೀದೆ ಇರೋ ಮನುಷ್ಯ ಅಲ್ಲ ಅವರು," ಎಂದರು.

"ಬರ್ದಿದ್ರು ಅತ್ತೆ."

"ಯಾರಿಗೆ?"

"ನನಗೆ."

ಅತ್ತೆ ಎದ್ದರು. ಒಳಗೆ ಹೋದರು. ಹಡಗಿನಿಂದ ಮಾವನ ಚೀಲ ಹಿಂದಿನ ದಿನವಷ್ಟೇ ಬಂದಿತ್ತು. ಅದರಿಂದ ಒಂದು ಸಣ್ಣ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಪ್ಲಾಸ್ಟಿಕ್ ಹಾಳೆಯ ಹೊದಿಕೆ, ಒಳಗೆ ಕೈಯಲ್ಲೇ ಗೀಟು ಹೊಡೆದ ಕಾಲಂಗಳು. ಪರದೆ ಕೊಟ್ಟ ಮೇಲೂ ಮಾವ ತಮಗೋಸ್ಕರ ಒಂದು ಪುಸ್ತಕ ಇಟ್ಟುಕೊಂಡಿದ್ದರು. ದಿನಾಂಕ, ಸಮಯ, ತಂತಿ, ಮುದುಕಿ ಅಂದದ್ದು. ಕಡೆಯಲ್ಲಿ ಷರಾ.

ಎರಡನೇ ದಿನ: 1700 ಗೊಣಗಿದಳು. ಷರಾ: ಪುಟ್ಟಿ ಓದಿದಳು.

ಮೂರನೇ ದಿನ: 2140 ನರಳಿದಳು, ಮೂರು ಸಲ. ಷರಾ: ಪುಟ್ಟಿ ಓದಿದಳು. ಅವಳಿಗೆ ಇದು ಗೊತ್ತು.

ನಾಲ್ಕನೇ ದಿನ, ಐದನೇ ದಿನ, ಕೆಳಗೆ ಕೆಳಗೆ ಅದೇ ದುಂಡು ಅಕ್ಷರ. ಪುಟ್ಟಿ ಓದಿದಳು. ಪುಟ್ಟಿ ಓದಿದಳು. ಒಂದು ಕಡೆ, ಪುಟ್ಟಿ ಓದಿದಳು, ಏನಾದರೂ ಮಾಡುತ್ತಾಳೆ. ಹನ್ನೊಂದನೇ ದಿನದ ಸಾಲು ತುಂಬಿತ್ತು, ಅದರ ಷರಾ ಮಾತ್ರ ಖಾಲಿ.

ನಾನು ಪುಸ್ತಕ ಮುಚ್ಚಲು ಹೋದೆ. ಅತ್ತೆ ನನ್ನ ಕೈ ಹಿಡಿದು ತಡೆದರು. ಗಟ್ಟಿಯಾಗಿಯೇ ಹಿಡಿದರು, ನೋಯಿತು.

"ನಾಳೆ ಇದನ್ನ ಆ ಸಮಿತಿಯವರಿಗೆ ಕೊಡು. ನಿನ್ನ ಮಾವನ ಹೆಸರಿನ ಮೇಲೆ ಆ ಸಾಲು ಇರಬಾರದು," ಎಂದರು. ಆಮೇಲೆ ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿ ನನ್ನ ಮುಂದೆ ಸರಿಸಿದರು. "ಅದಕ್ಕೆ ಮೊದಲು ನೀನು ಓದು. ಅವರು ಓದಿದಳು ಅಂತ ಬರ್ದಿದ್ದಾರೆ. ಅವರು ಬರೆದದ್ದು ಸುಳ್ಳಾಗೋದು ಬೇಡ. ಒಂದು ಅಕ್ಷರ ಬಿಡದೆ, ನನಗೂ ಕೇಳೋ ಹಾಗೆ ಓದು."

ನಾನು ಓದಲು ಶುರುಮಾಡಿದೆ.